‘ಹಾಲು ಸಾಲದು’ ಎಂದವರು ಯಾರು?

ಓದುಗರ ಪ್ರಶ್ನೆ, ಮಕ್ಕಳ ವೈದ್ಯೆಯ ಉತ್ತರ

ಎದೆಹಾಲು ಮತ್ತು ಡಬ್ಬಿ ಹಾಲಿನ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಬಹುಪಾಲು ‘ನನಗೆ ಹಾಲು ಸಾಲುತ್ತಿಲ್ಲ’ ಎಂಬ ಒಂದೇ ವಾಕ್ಯದಿಂದ ಶುರುವಾಗುತ್ತವೆ. ಆ ವಾಕ್ಯವನ್ನು ಮೊದಲು ಆಡಿದವರು ಯಾರು ಎಂದು ಹುಡುಕುತ್ತ ಹೋದರೆ, ತಾಯಿ ಸ್ವತಃ ಆಡಿದ್ದು ಬಹಳ ಕಡಿಮೆ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗವಿಲ್ಲದ ಕಾರಣ ಕೆಲವನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರಮ್ಮ, ನಾನು ದಾವಣಗೆರೆಯವಳು. ಚೊಚ್ಚಲ ಹೆರಿಗೆ, ಸಿಸೇರಿಯನ್ ಆಗಿದೆ. ಮಗಳು ಹುಟ್ಟಿದಾಗ 2.9 ಕಿಲೋ ಇದ್ದಳು. ಐದನೆಯ ದಿನ ಆಸ್ಪತ್ರೆಯಿಂದ ಹೊರಡುವಾಗ 2.7 ಕಿಲೋ, 21ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ತೂಗಿದಾಗ 3.1 ಕಿಲೋ. ಸಂಜೆ ಆರರಿಂದ ಹತ್ತರವರೆಗೆ ಎದೆ ಬಿಡುವುದೇ ಇಲ್ಲ, ಬಿಡಿಸಿದರೆ ಅಳುತ್ತಾಳೆ. ‘ಸಿಸೇರಿಯನ್ ಆದವರಿಗೆ ಹಾಲು ಕಡಿಮೆ, ಕೂಸು ಹಸಿದುಕೊಂಡಿದೆ’ ಎಂದು ಅತ್ತೆಯವರೂ ಪಕ್ಕದ ಮನೆಯವರೂ ಹೇಳಿದ್ದರಿಂದ, ಐದು ದಿನಗಳಿಂದ ರಾತ್ರಿ ಎರಡು ಸಲ 60 ಎಂಎಲ್ ಡಬ್ಬಿ ಹಾಲನ್ನು ಬಾಟಲಿಯಲ್ಲಿ ಕೊಡುತ್ತಿದ್ದೇನೆ. ಕುಡಿದ ಕೂಡಲೇ ನಿದ್ದೆ ಹೋಗುತ್ತಾಳೆ. ಪಂಪ್ ತಂದು ಹಿಂಡಿ ನೋಡಿದರೆ ಎರಡೂ ಕಡೆ ಸೇರಿ 30 ಎಂಎಲ್ ಕೂಡ ಬರಲಿಲ್ಲ. ಪೂರ್ತಿ ಡಬ್ಬಿ ಹಾಲಿಗೆ ಬದಲಾಯಿಸಿಬಿಡುವುದೇ ಒಳ್ಳೆಯದೆ?

ಉತ್ತರ: ಪತ್ರಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮಗುವಿಗೆ ಎರಡು ತಿಂಗಳು ತುಂಬಿರುತ್ತದೆ ಎಂಬುದು ಗೊತ್ತಿದ್ದುದರಿಂದ, ಸಂಪಾದಕರಿಂದ ನಿಮ್ಮ ಫೋನ್ ನಂಬರು ಪಡೆದು ಮೊದಲೇ ಮಾತನಾಡಿದೆ. ಅದೇ ಮಾತುಗಳನ್ನು ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಗೆ ಉತ್ತರವನ್ನು ನಿಮ್ಮ ಪತ್ರದಲ್ಲೇ ಬರೆದಿದ್ದೀರಿ. ಅದರತ್ತ ಮನೆಯಲ್ಲಿ ಯಾರೂ ನೋಡಿಲ್ಲ, ಅಷ್ಟೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮಗುವಿನ ಮೈಯಿಂದ ಹೆಚ್ಚಿನ ನೀರಿನಂಶ ಹೊರಹೋಗಿ ತೂಕ ಇಳಿಯುವುದು ಸಹಜ. ನೂರಕ್ಕೆ ಏಳರವರೆಗೆ ಇಳಿದರೆ ನಾವು ಚಿಂತಿಸುವುದಿಲ್ಲ, ಹತ್ತರ ಹತ್ತಿರ ಬಂದರೆ ಎಚ್ಚರಗೊಳ್ಳುತ್ತೇವೆ. ನಿಮ್ಮ ಮಗಳು ಇಳಿದದ್ದು 200 ಗ್ರಾಂ, ಅಂದರೆ ನೂರಕ್ಕೆ ಏಳಕ್ಕಿಂತ ಕಡಿಮೆ. ಅಲ್ಲಿಂದ 16 ದಿನಗಳಲ್ಲಿ 400 ಗ್ರಾಂ ಏರಿದ್ದಾಳೆ. ಭಾಗಿಸಿ ನೋಡಿದರೆ ದಿನಕ್ಕೆ 25 ಗ್ರಾಂ ಆಗುತ್ತದೆ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರುವ ಮಗುವಿಗೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಇಷ್ಟೂ ತೂಕ ಡಬ್ಬಿ ಮನೆಗೆ ಬರುವ ಮೊದಲೇ ಬಂದದ್ದು, ಎಂದರೆ ನಿಮ್ಮ ಹಾಲಿನಿಂದಲೇ ಬಂದದ್ದು. ‘ತಾಯಿ ಕಾರ್ಡ್’ನಲ್ಲಿರುವ ತೂಕದ ನಕ್ಷೆಯಲ್ಲಿ ಈ ಮೂರು ಚುಕ್ಕೆಗಳನ್ನು ಇಟ್ಟು, ಗೆರೆ ಎಳೆದು, ಅತ್ತೆಯವರ ಮುಂದೆ ಹಿಡಿಯಿರಿ. ಅವರು ಮೊಮ್ಮಗಳ ಮೇಲಿನ ಅಕ್ಕರೆಯಿಂದಲೇ ಹೇಳಿದ್ದಾರೆ, ಅನುಮಾನವಿಲ್ಲ. ಆದರೆ ಅಳುವನ್ನು ಕಿವಿಯಿಂದ ಕೇಳಿ ಹಾಲನ್ನು ಅಳೆಯಲಾಗುವುದಿಲ್ಲ.

ತೂಕದ ಯಂತ್ರ ಕೈಗೆ ಸಿಗದ ದಿನಗಳಲ್ಲಿ ಮೂತ್ರವನ್ನು ಎಣಿಸಿ. ಹುಟ್ಟಿ ಐದು ದಿನಗಳಾದ ಮೇಲೆ 24 ಗಂಟೆಯಲ್ಲಿ ಕನಿಷ್ಠ ಆರು ಸಲ ಚೆನ್ನಾಗಿ ಒದ್ದೆಯಾಗಬೇಕು, ಮೂತ್ರದ ಬಣ್ಣ ತಿಳಿಯಾಗಿರಬೇಕು. ಈ ಲೆಕ್ಕಕ್ಕೆ ಡೈಪರ್‌ಗಿಂತ ಹಳೆಯ ಸೀರೆಯಿಂದ ಹರಿದ ಲಂಗೋಟಿ ಎಷ್ಟೋ ವಾಸಿ. ಡೈಪರ್ ಮೂರು ಸಲದ್ದನ್ನು ನುಂಗಿ ಒಂದೇ ಸಲ ಎಂದು ತೋರಿಸುತ್ತದೆ.

ಸಿಸೇರಿಯನ್ ಆದವರಿಗೆ ಹಾಲು ಕಡಿಮೆ ಎಂಬ ಮಾತಿನಲ್ಲಿ ಒಂದು ಎಳೆಯಷ್ಟು ಸತ್ಯವಿದೆ. ಶಸ್ತ್ರಚಿಕಿತ್ಸೆಯ ನೋವು, ಮಗುವನ್ನು ಎದೆಗಿಡಲು ಆಗುವ ತಡ, ಕೈಗೆ ಚುಚ್ಚಿದ ಡ್ರಿಪ್, ಇವೆಲ್ಲ ಸೇರಿ ಹಾಲು ಇಳಿಯುವುದು ಒಂದೆರಡು ದಿನ ಹಿಂದೆ ಬೀಳಬಹುದು. ಆಮೇಲೆ ಹಾಲಿನ ಪ್ರಮಾಣವನ್ನು ನಿರ್ಧರಿಸುವುದು ಮಗು ಎಷ್ಟು ಸಲ ಕುಡಿದು ಎದೆಯನ್ನು ಬರಿದು ಮಾಡುತ್ತದೆ ಎಂಬುದೇ ಹೊರತು ಹೆರಿಗೆ ಯಾವ ಬಗೆಯದು ಎಂಬುದಲ್ಲ. ಬಾವಿಯ ಒರತೆಯಂತೆ ಇದು: ಸೇದಿದಷ್ಟೂ ಊರುತ್ತದೆ, ಸೇದುವುದನ್ನು ಬಿಟ್ಟರೆ ಊರುವುದು ಕುಗ್ಗುತ್ತದೆ. ನೀವು ರಾತ್ರಿ ಕೊಡುತ್ತಿರುವ 120 ಎಂಎಲ್ ಡಬ್ಬಿ ಹಾಲು ಮಾಡುತ್ತಿರುವುದು ಇದನ್ನೇ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು ಸ್ರವಿಸುತ್ತದೆ. ಸರಿಯಾಗಿ ಆ ಹೊತ್ತಿಗೆ ಮಗು ಬಾಟಲಿ ಕುಡಿದು ಮಲಗಿದರೆ ‘ಇಷ್ಟು ಹಾಲು ಬೇಕಿಲ್ಲ’ ಎಂದು ಎದೆಗೆ ಸುದ್ದಿ ಹೋಗುತ್ತದೆ. ಹೀಗೆ ಇಲ್ಲದ ಕೊರತೆಗೆಂದು ತಂದ ಡಬ್ಬಿ ತಿಂಗಳೊಪ್ಪತ್ತಿನಲ್ಲಿ ನಿಜವಾದ ಕೊರತೆಯನ್ನೇ ತಂದಿಡುತ್ತದೆ. ಆಗ ‘ನಾನು ಮೊದಲೇ ಹೇಳಿರಲಿಲ್ಲವೇ’ ಎನ್ನುವವರು ಮನೆಯಲ್ಲಿ ಇದ್ದೇ ಇರುತ್ತಾರೆ.

ಸಂಜೆಯ ಹೊತ್ತು ಬಿಟ್ಟೂ ಬಿಡದೆ ಕುಡಿಯುವುದು ಈ ವಯಸ್ಸಿನ ಮಕ್ಕಳ ಸ್ವಭಾವ. ರಾತ್ರಿಗೆ ಮುಂಚೆ ಹೊಟ್ಟೆ ಗಟ್ಟಿ ಮಾಡಿಕೊಳ್ಳುತ್ತವೆ ಎಂದು ತಿಳಿದುಕೊಳ್ಳಿ. ಡಬ್ಬಿ ಹಾಲು ಕುಡಿದ ಕೂಡಲೇ ನಿದ್ದೆ ಬರುವುದಕ್ಕೆ ಕಾರಣ, ಬಾಟಲಿಯಿಂದ ಹಾಲು ತಾನಾಗಿ ಸುರಿಯುವುದರಿಂದ ಮಗು ಬೇಕೋ ಬೇಡವೋ ಹೊಟ್ಟೆ ಬಿರಿಯುವಷ್ಟು ಕುಡಿಯುತ್ತದೆ, ಅಲ್ಲದೆ ಆ ಹಾಲು ಅರಗುವುದೂ ನಿಧಾನ. ಇನ್ನು ಪಂಪಿನ ವಿಷಯ: ಮಗುವಿನ ಬಾಯಿಗೆ ಒಲಿಯುವ ಹಾಲು ಪ್ಲಾಸ್ಟಿಕ್ ಬಟ್ಟಲಿಗೆ ಒಲಿಯಬೇಕೆಂದೇನೂ ಇಲ್ಲ. ಅದರಲ್ಲಿ ಬಿದ್ದ 30 ಎಂಎಲ್ ನಿಮ್ಮ ಎದೆಯ ಅಳತೆಯಲ್ಲ.

ನೀವು ಫೋನಿನಲ್ಲಿ ತೊಟ್ಟು ಸೀಳಿದೆ, ಮಗು ಬಾಯಿಟ್ಟ ಕೂಡಲೇ ಜೀವ ಹೋಗುತ್ತದೆ ಎಂದಿರಿ. ಅದು ಪತ್ರದಲ್ಲಿ ಇರಲಿಲ್ಲ. ವೀಡಿಯೋ ಕರೆಯಲ್ಲಿ ನೋಡಿದಾಗ ಕಾರಣ ತಿಳಿಯಿತು. ಮಗು ನಿಮ್ಮ ತೊಡೆಯ ಮೇಲೆ ಅಂಗಾತ ಮಲಗಿತ್ತು, ಮುಖವನ್ನು ಮಾತ್ರ ನಿಮ್ಮ ಕಡೆಗೆ ತಿರುಗಿಸಿದ್ದಿರಿ. ಕತ್ತನ್ನು ಭುಜದ ಕಡೆಗೆ ಹೊರಳಿಸಿಕೊಂಡು ಒಂದು ಲೋಟ ನೀರು ಕುಡಿದು ನೋಡಿ, ಅದರ ಕಷ್ಟ ಅರ್ಥವಾಗುತ್ತದೆ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಇಡೀ ಮೈಯನ್ನು ತಿರುಗಿಸಿ. ತೊಟ್ಟಿನಿಂದ ಅದರ ಮೇಲ್ದುಟಿಯನ್ನು ಸವರಿ, ಬಾಯಿ ಆಕಳಿಕೆಯಷ್ಟು ಅಗಲವಾಗಿ ತೆರೆಯುವವರೆಗೆ ಕಾಯಿರಿ, ತೆರೆದ ಕ್ಷಣ ಮಗುವನ್ನು ಎದೆಯ ಕಡೆಗೆ ತನ್ನಿ. ನೀವು ಮಗುವಿನತ್ತ ಬಾಗಬೇಡಿ, ಬೆನ್ನು ನೋಯುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ, ಅದರಲ್ಲೂ ಕೆಳಗಿನ ಅರ್ಧ, ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ಒತ್ತಿಕೊಂಡಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಸರಿಯಾಗಿ ಹಿಡಿದ ಮಗು ಮೊದಲು ಚುರುಕಾಗಿ ಚೀಪಿ, ಆಮೇಲೆ ನಿಧಾನವಾಗಿ ಗುಟುಕರಿಸುವುದು ಕೇಳಿಸುತ್ತದೆ. ಸಿಸೇರಿಯನ್ ಹೊಲಿಗೆಯ ಮೇಲೆ ಭಾರ ಬೀಳದಂತೆ ಮಗ್ಗುಲಾಗಿ ಮಲಗಿಕೊಂಡು ಕುಡಿಸಬಹುದು, ಅಥವಾ ಮಗುವಿನ ಕಾಲುಗಳನ್ನು ಕಂಕುಳ ಕೆಳಗಿಂದ ಹಿಂದಕ್ಕೆ ಬಿಟ್ಟು ದಿಂಬಿನ ಮೇಲಿಟ್ಟು ಕುಡಿಸಬಹುದು.

ಡಬ್ಬಿಯನ್ನು ನಾಳೆಯೇ ಎಸೆಯಿರಿ ಎನ್ನುವುದಿಲ್ಲ. ರಾತ್ರಿಯೂ ಮೊದಲು ಎದೆ ಕೊಡಿ, ಎರಡೂ ಕಡೆ. ಡಬ್ಬಿ ಹಾಲಿನ ಪ್ರಮಾಣವನ್ನು ಎರಡು ಮೂರು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಅದನ್ನೂ ಬಾಟಲಿ ಬಿಟ್ಟು ಒಳಲೆಯಲ್ಲಿ ಕುಡಿಸಿ. ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ತೂಗಿಸಿ. ತೂಕ ಏರುತ್ತಿದ್ದರೆ ಇಳಿಸುತ್ತ ಹೋಗಿ, ನಿಂತರೆ ವೈದ್ಯರಿಗೆ ತೋರಿಸಿ. ಇದೇ ಪತ್ರವನ್ನು ಬೇರೆ ಅಂಕಿಗಳೊಂದಿಗೆ ಬರೆದಿದ್ದರೆ ನನ್ನ ಉತ್ತರವೂ ಬೇರೆಯಾಗುತ್ತಿತ್ತು ಎಂಬುದನ್ನು ಉಳಿದ ಓದುಗರು ಮರೆಯಬಾರದು. ಎರಡು ವಾರ ಕಳೆದರೂ ಹುಟ್ಟುತೂಕಕ್ಕೆ ಮರಳದ ಮಗು, ದಿನಕ್ಕೆ ಮೂರು ನಾಲ್ಕು ಸಲ ಮಾತ್ರ ಮೂತ್ರ ಮಾಡುವ ಮಗು, ಹಾಲಿಗೂ ಏಳದೆ ಮಂಪರಿನಲ್ಲೇ ಇರುವ ಮಗು, ಇವುಗಳಿಗೆ ಹಾಲು ನಿಜಕ್ಕೂ ಸಾಲುತ್ತಿಲ್ಲದಿರಬಹುದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರು, ಥೈರಾಯ್ಡ್ ಕೊರತೆಗೆ ಚಿಕಿತ್ಸೆ ಪಡೆಯದವರು, ಎದೆಯ ಶಸ್ತ್ರಚಿಕಿತ್ಸೆ ಆದವರು, ಹಾಲಿನ ಗ್ರಂಥಿಗಳು ಸರಿಯಾಗಿ ಬೆಳೆಯದವರು ನಮ್ಮ ನಡುವೆ ಇದ್ದಾರೆ. ಅಂಥ ಮಗುವಿಗೆ ಫಾರ್ಮುಲಾ, ಅಂದರೆ ಡಬ್ಬಿ ಹಾಲು, ಔಷಧಿಯಷ್ಟೇ ಅಗತ್ಯ, ಅದನ್ನು ಕೊಡಲು ತಡ ಮಾಡುವುದು ಅಪಾಯ.

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುತ್ತೇನೆ. ಹೆರಿಗೆಗೆ ಮುಂಚೆಯೇ ಎಂಟು ವಾರ ರಜೆ ತೆಗೆದುಕೊಂಡಿದ್ದರಿಂದ, ಮಗನಿಗೆ ನಾಲ್ಕು ತಿಂಗಳಾಗುವಷ್ಟರಲ್ಲಿ ಕೆಲಸಕ್ಕೆ ಮರಳಬೇಕು. ಕುಣಿಗಲ್‌ನಿಂದ ಅಮ್ಮ ಬಂದು ನೋಡಿಕೊಳ್ಳುತ್ತಾರೆ. ಅವರು ‘ನಮ್ಮನೆ ಹಸುವಿನ ಹಾಲಿಗೆ ಅರ್ಧ ನೀರು, ಚೂರು ಸಕ್ಕರೆ ಹಾಕಿ ಕುಡಿಸೋಣ, ನಿನ್ನನ್ನು ಹಾಗೇ ಸಾಕಿದ್ದು’ ಎನ್ನುತ್ತಾರೆ. ಯಜಮಾನರು ಡಬ್ಬಿ ತರೋಣ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಏನು ಮಾಡಲಿ?

ಉತ್ತರ: ಹಸುವಿನ ಹಾಲು ಕರುವಿಗೆ ತಕ್ಕಂತೆ ಆದದ್ದು. ಅದರಲ್ಲಿ ಪ್ರೋಟೀನು ಎದೆಹಾಲಿನ ಸುಮಾರು ಮೂರು ಪಟ್ಟು, ಉಪ್ಪಿನಂಶವೂ ಹೆಚ್ಚು. ಎಳೆಯ ಮೂತ್ರಪಿಂಡಕ್ಕೆ ಅದು ಭಾರ. ಕಬ್ಬಿಣಾಂಶ ಕಡಿಮೆ, ಇರುವುದೂ ಮೈಗೆ ಹತ್ತುವುದಿಲ್ಲ. ಕೆಲವು ಮಕ್ಕಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತಸ್ರಾವವನ್ನೂ ಮಾಡಿಸಿ ರಕ್ತಹೀನತೆ ತರುತ್ತದೆ. ನೀರು ಬೆರೆಸಿದರೆ ಪ್ರೋಟೀನು ತಗ್ಗುವುದೇನೋ ನಿಜ, ಆದರೆ ಮಗುವಿಗೆ ಬೇಕಾದ ಕೊಬ್ಬು ಮತ್ತು ಶಕ್ತಿಯೂ ಅರ್ಧಕ್ಕಿಳಿಯುತ್ತದೆ. ನಿಮ್ಮನ್ನು ಹಾಗೇ ಸಾಕಿದರು, ನೀವು ಬದುಕಿ ಬೆಳೆದಿರಿ, ಸಂತೋಷ. ಹಾಗೆ ಸಾಕಿದ ಎಲ್ಲ ಮಕ್ಕಳ ಕಥೆಯನ್ನೂ ಅಮ್ಮ ಹೇಳುತ್ತಿಲ್ಲ. ಒಂದು ವರ್ಷ ತುಂಬುವವರೆಗೆ ಹಸುವಿನ ಹಾಲನ್ನು ಕುಡಿಯುವ ಹಾಲಾಗಿ ಕೊಡುವುದು ಬೇಡ.

ಡಬ್ಬಿ ತರುವ ಮುಂಚೆ ಲೆಕ್ಕ ಹಾಕಿ. ನಾಲ್ಕು ತಿಂಗಳ ಮಗು ಪೂರ್ತಿ ಫಾರ್ಮುಲಾದ ಮೇಲಿದ್ದರೆ 400 ಗ್ರಾಂ ಡಬ್ಬಿ ಮೂರು ನಾಲ್ಕು ದಿನಕ್ಕೆ ಮುಗಿಯುತ್ತದೆ, ತಿಂಗಳಿಗೆ ಎಂಟು ಹತ್ತು ಡಬ್ಬಿ ಬೇಕು. ಸಂಬಳದ ಕೊನೆಯ ವಾರ ಬಂದಾಗ ಎರಡು ಚಮಚೆಯ ಜಾಗದಲ್ಲಿ ಒಂದೂವರೆ ಹಾಕುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಮಗು ಹೊಟ್ಟೆ ತುಂಬ ಕುಡಿಯುತ್ತದೆ, ಆದರೂ ಸೊರಗುತ್ತದೆ, ಏಕೆಂದು ಯಾರಿಗೂ ಹೊಳೆಯುವುದಿಲ್ಲ.

ಆದ್ದರಿಂದ ನಿಮ್ಮಂಥವರಿಗೆ ನಾನು ಹೇಳುವ ದಾರಿ ಇದು. ಬೆಳಿಗ್ಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದು ಕೈಕಾಲು ತೊಳೆದ ಕೂಡಲೇ ಒಮ್ಮೆ, ರಾತ್ರಿ ಕೇಳಿದಾಗಲೆಲ್ಲ ಎದೆಯನ್ನೇ ಕೊಡಿ. ರಜೆಯ ದಿನ ಪೂರ್ತಿ ಎದೆಹಾಲೇ ಆಗಲಿ. ನಡುವಿನ ಒಂಬತ್ತು ಹತ್ತು ಗಂಟೆಗಳಲ್ಲಿ ಮಗುವಿಗೆ ಬೇಕಾಗುವುದು ಮೂರು ಸಲದ ಹಾಲು ಮಾತ್ರ. ಬೆಳಗಿನ ಜಾವ ಎದೆ ತುಂಬಿಕೊಂಡಿರುತ್ತದೆ. ಆಗ ಕೈಯಿಂದ ಹಿಂಡಿ, ಕುದಿಸಿದ ಸ್ಟೀಲ್ ಲೋಟದಲ್ಲಿ ಮುಚ್ಚಿಟ್ಟರೆ ಒಂದು ಸಲದ್ದು ಆಯಿತು. ಹೆಬ್ಬೆರಳು ಕಪ್ಪು ಭಾಗದ ಅಂಚಿನ ಮೇಲೆ, ಉಳಿದ ಬೆರಳುಗಳು ಕೆಳಗೆ. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಕೂಡಿಸಿ ಒತ್ತಬೇಕು. ತೊಟ್ಟನ್ನು ಹಿಡಿದು ಎಳೆದರೆ ನೋವು ಬರುತ್ತದೆ, ಹಾಲು ಬರುವುದಿಲ್ಲ. ಮೊದಲ ವಾರ ತಳ ಮುಚ್ಚುವಷ್ಟೂ ಬರದಿರಬಹುದು, ಆದ್ದರಿಂದ ರಜೆ ಮುಗಿಯುವುದಕ್ಕೆ ಎರಡು ಮೂರು ವಾರ ಮುಂಚೆಯೇ ರೂಢಿ ಮಾಡಿಕೊಳ್ಳಿ.

ಹಿಂಡಿದ ಹಾಲು ಬೆಂಗಳೂರಿನ ಸಾಧಾರಣ ಹವೆಯಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಏಪ್ರಿಲ್‌ನ ಶೀಟಿನ ಮನೆಯೊಳಗೆ ಅಷ್ಟು ನಂಬಬೇಡಿ. ಫ್ರಿಜ್ ಇರುವವರು ಅದರಲ್ಲಿ ನಾಲ್ಕು ದಿನ ಇಡಬಹುದು, ಬಾಗಿಲಿನ ಕಪಾಟಿನಲ್ಲಿ ಬೇಡ, ಒಳಗಡೆ. ಕಾರ್ಖಾನೆಯಲ್ಲಿ ಹಿಂಡಿದ್ದನ್ನು ಐಸ್ ಪ್ಯಾಕ್ ಹಾಕಿದ ಡಬ್ಬಿಯಲ್ಲಿ ಸಂಜೆ ಮನೆಗೆ ತಂದು ಅದೇ ರಾತ್ರಿ ಬಳಸಬಹುದು. ಬಿಸಿ ಮಾಡುವಾಗ ಒಲೆಯ ಮೇಲಿಡದೆ ಬಿಸಿನೀರಿನ ಬಟ್ಟಲಲ್ಲಿ ಲೋಟವನ್ನು ಇಳಿಬಿಡಿ. ಅಮ್ಮನಿಗೆ ಒಳಲೆ ಹಿಡಿಯಲು ನಾನು ಹೇಳಿಕೊಡಬೇಕಾಗಿಲ್ಲ. ಮಗುವನ್ನು ತೊಡೆಯ ಮೇಲೆ ತಲೆ ಎತ್ತರವಾಗುವಂತೆ ಕೂರಿಸಿಕೊಂಡು, ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಅದು ಚಪ್ಪರಿಸಿದಂತೆಲ್ಲ ಸ್ವಲ್ಪ ಸ್ವಲ್ಪವೇ ಬಾಗಿಸಬೇಕು, ಸುರಿಯಬಾರದು. ಇಷ್ಟಾಗಿಯೂ ಒಂದೆರಡು ಸಲಕ್ಕೆ ಹಾಲು ಕಡಿಮೆ ಬಿದ್ದರೆ ಅಷ್ಟಕ್ಕೆ ಮಾತ್ರ ಫಾರ್ಮುಲಾ ತನ್ನಿ. ಒಂದು ಡಬ್ಬಿ ಹದಿನೈದು ದಿನ ಬಂದರೆ ಅಳತೆ ಕದಿಯುವ ಪ್ರಮೇಯ ಬರುವುದಿಲ್ಲ. ‘ಎದೆಹಾಲು ಇಲ್ಲವೇ ಡಬ್ಬಿ’ ಎಂದು ಎರಡರಲ್ಲಿ ಒಂದನ್ನು ಆರಿಸಲೇಬೇಕೆಂಬ ನಿಯಮವೇನೂ ಇಲ್ಲ.

ಕಾನೂನಿನ ಮಾತು ಎರಡು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಇದೆ, ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಎಂಟು ವಾರವನ್ನೂ ಮುಂಚೆಯೇ ತೆಗೆದುಕೊಳ್ಳಬೇಕು ಎಂಬ ಕಡ್ಡಾಯವೂ ಇಲ್ಲ. ಆರೋಗ್ಯ ಚೆನ್ನಾಗಿರುವ ಬಸುರಿಯರು ಅದನ್ನು ಉಳಿಸಿಕೊಂಡರೆ ಮಗುವಿನ ಜೊತೆ ಅಷ್ಟು ದಿನ ಹೆಚ್ಚು ಸಿಗುತ್ತದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ನಿಮ್ಮ ಕಾರ್ಖಾನೆಯಲ್ಲಿ ಅದು ಬೋರ್ಡಿನಲ್ಲಿ ಮಾತ್ರ ಇದೆಯೋ ಬಾಗಿಲು ತೆರೆದಿದೆಯೋ ವಿಚಾರಿಸಿ. ನನ್ನ ಕಾಲದಲ್ಲಿ ರಜೆ ಇದ್ದದ್ದು 12 ವಾರ. ಮಗನಿಗೆ ಮೂರು ತಿಂಗಳೂ ತುಂಬಿರಲಿಲ್ಲ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ತಾಯಂದಿರಿಗೆ ಎದೆಹಾಲಿನ ಮಹತ್ವ ಹೇಳಿ ಬಂದು, ಬೆಡ್‌ಶೀಟ್ ಪೇರಿಸಿಡುವ ಕೋಣೆಯಲ್ಲಿ ನಿಂತುಕೊಂಡೇ ಹಾಲು ಹಿಂಡಿ ಸಿಂಕಿಗೆ ಚೆಲ್ಲುತ್ತಿದ್ದೆ. ಮನೆಯಲ್ಲಿ ಅವನು ಅದೇ ಹೊತ್ತಿಗೆ ಡಬ್ಬಿ ಹಾಲು ಕುಡಿಯುತ್ತಿದ್ದ. ಹಾಗಾಗಿ ಈ ವಿಷಯದಲ್ಲಿ ಯಾರಿಗೂ ಬೋಧನೆ ಮಾಡುವ ಎತ್ತರದಲ್ಲಿ ನಾನು ನಿಂತಿಲ್ಲ.

ಪ್ರಶ್ನೆ: ಡಾಕ್ಟರೇ, ನಮ್ಮದು ಶಿವಮೊಗ್ಗ. ಹೆರಿಗೆಯಾದ ಮೂರನೇ ವಾರದಲ್ಲಿ ನನ್ನ ಹೆಂಡತಿಗೆ ಎದೆಯಲ್ಲಿ ಕೀವು ತುಂಬಿ ಆಪರೇಷನ್ ಆಯಿತು. ಅದರ ಜೊತೆಗೆ ಸದಾ ಅಳು, ನಿದ್ದೆ ಇಲ್ಲ, ‘ನಾನು ತಾಯಿಯಾಗಲು ಲಾಯಕ್ಕಿಲ್ಲ’ ಎಂಬ ಮಾತು. ಮನೋವೈದ್ಯರ ಔಷಧಿ ನಡೆಯುತ್ತಿದೆ. ಐದನೇ ವಾರಕ್ಕೆ ಎದೆಹಾಲು ನಿಲ್ಲಿಸಿ ಫಾರ್ಮುಲಾ ಶುರು ಮಾಡಿದೆವು. ಮಗುವಿಗೆ ಈಗ ಎರಡು ತಿಂಗಳು, 5 ಕಿಲೋ ಇದೆ. ನೆಂಟರು ಬಂದಾಗಲೆಲ್ಲ ‘ಎದೆಹಾಲಿಲ್ಲದ ಮಗು’ ಎನ್ನುತ್ತಾರೆ. ಅವರು ಬರುವ ಮುಂಚೆ ನನ್ನ ಹೆಂಡತಿ ಡಬ್ಬಿಯನ್ನು ಬೀರುವಿನಲ್ಲಿ ಸೀರೆಗಳ ಹಿಂದೆ ಬಚ್ಚಿಡುತ್ತಾಳೆ. ನಾವು ಮಾಡಿದ್ದು ತಪ್ಪೆ?

ಉತ್ತರ: ತಪ್ಪಲ್ಲ. ಮೊದಲು ಆ ಡಬ್ಬಿಯನ್ನು ಸೀರೆಗಳ ಹಿಂದಿನಿಂದ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಡಿ. ಇಡುವ ಕೈ ನಿಮ್ಮದಾಗಿರಲಿ. ನೆಂಟರು ಕೇಳಿದರೆ ‘ವೈದ್ಯರು ಹೇಳಿ ಕೊಡುತ್ತಿದ್ದೇವೆ’ ಎಂಬ ಉತ್ತರವನ್ನೂ ನೀವೇ ಕೊಡಿ. ಅದನ್ನು ಹೇಳುವ ಹೊರೆ ನಿಮ್ಮ ಹೆಂಡತಿಯ ಮೇಲೆ ಬೀಳಬಾರದು.

ಎದೆಹಾಲಿನ ಪರವಾಗಿ ನಾವು ವೈದ್ಯರು ಮಾತನಾಡುವುದಕ್ಕೆ ಗಟ್ಟಿ ಕಾರಣಗಳಿವೆ. ವಾಂತಿಭೇದಿ, ನ್ಯುಮೋನಿಯಾ, ಕಿವಿಯ ಸೋಂಕು ಎದೆಹಾಲು ಕುಡಿಯುವ ಮಕ್ಕಳಲ್ಲಿ ಕಡಿಮೆ. ಹಾಲೂಡಿಸಿದ ತಾಯಂದಿರಲ್ಲಿ ಸ್ತನ ಕ್ಯಾನ್ಸರಿನ ಸಂಭವವೂ ಕಡಿಮೆ. ಎಲ್ಲೆಡೆ ಎದೆಹಾಲೂಡಿಸುವಂತಾದರೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8,23,000 ಮಕ್ಕಳ ಸಾವನ್ನು ತಪ್ಪಿಸಬಹುದು ಎಂದು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಂದಾಜನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಆ ಅಂಕಿಯನ್ನು ನಿಮ್ಮ ಹೆಂಡತಿಯ ಮುಂದೆ ಓದುವ ಅಗತ್ಯವಿಲ್ಲ. ಬಡ ನಾಡುಗಳಲ್ಲಿ ಡಬ್ಬಿ ಹಾಲಿನ ಅಪಾಯ ಬಹುಮಟ್ಟಿಗೆ ಕೊಳಕು ನೀರು, ಕೊಳಕು ಬಾಟಲಿ, ತೆಳ್ಳಗೆ ಕಲಸಿದ ಪುಡಿ ಎಂಬ ಮೂರು ಬಾಗಿಲುಗಳಿಂದ ಒಳಗೆ ಬರುತ್ತದೆ, ಆ ಬಾಗಿಲುಗಳನ್ನು ಮುಚ್ಚುವುದು ನಿಮ್ಮ ಕೈಯಲ್ಲಿದೆ.

ಹಾಲಿನ ಪುಡಿ ರೋಗಾಣುರಹಿತವಲ್ಲ ಎಂಬುದನ್ನು ಹೆಚ್ಚಿನವರು ತಿಳಿದಿಲ್ಲ. ಅದರಲ್ಲಿ ಉಳಿದಿರಬಹುದಾದ ಸೂಕ್ಷ್ಮಾಣುಗಳು ಸಾಯಬೇಕಾದರೆ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಅಂದರೆ ನೀರನ್ನು ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗೆ ಕಲಸಬೇಕು. ಬೆಳಿಗ್ಗೆ ಕುದಿಸಿ ಆರಿಸಿಟ್ಟ ನೀರಿನಲ್ಲಿ ದಿನವಿಡೀ ಕಲಸುವ ನಮ್ಮ ರೂಢಿ ಸರಿಯಲ್ಲ. ಮೊದಲು ನೀರನ್ನು ಅಳೆದು ಹಾಕಿ, ಆಮೇಲೆ ಅದೇ ಡಬ್ಬಿಯೊಳಗಿನ ಚಮಚೆಯಿಂದ ಪುಡಿ ಹಾಕಿ. ಚಮಚೆಯ ಮೇಲಿನ ದಿಬ್ಬವನ್ನು ಚಾಕುವಿನ ಬೆನ್ನಿನಿಂದ ಸಪಾಟು ಮಾಡಿ, ಅದುಮಿ ತುಂಬಬೇಡಿ. ನಮ್ಮಲ್ಲಿ ಸಿಗುವ ಬಹುತೇಕ ಡಬ್ಬಿಗಳಲ್ಲಿ 30 ಎಂಎಲ್ ನೀರಿಗೆ ಒಂದು ಚಮಚೆ ಎಂದಿರುತ್ತದೆ, ಆದರೂ ನಿಮ್ಮ ಡಬ್ಬಿಯ ಮೇಲೆ ಏನಿದೆಯೋ ಅದನ್ನೇ ನೋಡಿ. ಕಲಸಿದ ಮೇಲೆ ಬಾಟಲಿಯನ್ನೋ ಲೋಟವನ್ನೋ ತಣ್ಣೀರಿನಲ್ಲಿ ಇಳಿಬಿಟ್ಟು ಆರಿಸಿ, ಮಣಿಕಟ್ಟಿನ ಒಳಗೆ ಒಂದು ಹನಿ ಬಿಟ್ಟುಕೊಂಡು ನೋಡಿ, ಕುಡಿಸಿ. ಕಲಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, ಮಗು ಕುಡಿದು ಬಿಟ್ಟದ್ದನ್ನು ಚೆಲ್ಲಿ. ಲೋಟ, ಒಳಲೆ ಇವುಗಳಲ್ಲಿ ಮೂಲೆಮುಡುಕು ಇಲ್ಲದ ಕಾರಣ ತೊಳೆಯುವುದು ಸುಲಭ. ಬಾಟಲಿಯೇ ಆಗಬೇಕೆಂದರೆ ನಿಪ್ಪಲನ್ನು ಒಳಮಗ್ಗುಲು ಹೊರಗೆ ಮಾಡಿ ಉಜ್ಜಿ, ಎಲ್ಲವನ್ನೂ ನೀರಿನಲ್ಲಿ ಪೂರ್ತಿ ಮುಳುಗಿಸಿ ಹತ್ತು ನಿಮಿಷ ಕುದಿಸಿ. ಐದು ಕಿಲೋ ಮಗುವಿಗೆ ದಿನಕ್ಕೆ ಒಟ್ಟು 750 ಎಂಎಲ್ ಸುಮಾರಿಗೆ ಬೇಕಾಗುತ್ತದೆ. ಒಂದು ಸಲ 20 ಎಂಎಲ್ ಬಿಟ್ಟರೆ ಬಿಡಲಿ, ಬಲವಂತ ಮಾಡಬೇಡಿ. ದಿಂಬಿಗೆ ಬಾಟಲಿ ಒರಗಿಸಿ ಮಗುವನ್ನು ಒಂಟಿಯಾಗಿ ಬಿಡುವುದಂತೂ ಕೂಡದು.

ರಾತ್ರಿ ಎರಡು ಗಂಟೆಯ ಹಾಲನ್ನು ನೀವು ಕುಡಿಸಿ. ಅಂಗಿ ಬಿಚ್ಚಿ ಮಗುವನ್ನು ಬರಿ ಎದೆಗೆ ಒರಗಿಸಿಕೊಂಡು, ಕಣ್ಣಿಗೆ ಕಣ್ಣಿಟ್ಟು ಕುಡಿಸಿ. ನಿಮ್ಮ ಹೆಂಡತಿಗೆ ಬೇಕಾಗಿರುವುದು ಮುರಿಯದ ಐದಾರು ಗಂಟೆ ನಿದ್ದೆ. ಔಷಧಿಯನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಅವರ ಬಾಯಲ್ಲಿ ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಇದನ್ನು ಓದುತ್ತಿರುವ ಬೇರೆ ತಾಯಂದಿರಿಗೆ ಒಂದು ಮಾತು: ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂದರೆ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಖಿನ್ನತೆಯ ಔಷಧಿಗಳಲ್ಲೂ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದವು ಇವೆ. ನಿಲ್ಲಿಸುವ ಮುಂಚೆ ಬರೆದುಕೊಟ್ಟ ವೈದ್ಯರನ್ನು ಕೇಳಿ.

ಪ್ರಶ್ನೆ: ನಾನು ರಾಯಚೂರು ಕಡೆಯ ಅಜ್ಜಿ. ನಮ್ಮ ಬಿಸಿಲಿಗೆ ದೊಡ್ಡವರೇ ಒಣಗಿ ಹೋಗುತ್ತೇವೆ. ಮೂರು ತಿಂಗಳ ಕೂಸಿಗೆ ನೀರು ಕೊಡಬೇಡಿ ಎಂದು ಸೊಸೆ ಹಟ ಹಿಡಿದಿದ್ದಾಳೆ. ಗುಟ್ಟಿ ತೇಯ್ದು ಹಾಕುವುದನ್ನೂ, ಜೇನು ನೆಕ್ಕಿಸುವುದನ್ನೂ ಬಿಡಿಸಿದ್ದಾಳೆ. ಇದು ಸರಿಯೆ?

ಉತ್ತರ: ಅಮ್ಮಾ, ಸೊಸೆ ಸರಿಯಾಗಿ ಹೇಳಿದ್ದಾರೆ. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಭಾಗ ನೀರೇ ಇದೆ. ಬಿಸಿಲು ಹೆಚ್ಚಾದ ದಿನ ಕೂಸು ಹೆಚ್ಚು ಸಲ ಎದೆ ಕೇಳುತ್ತದೆ, ಕೊಟ್ಟರಾಯಿತು. ನೀರು ಕೊಟ್ಟರೆ ಅದರ ಪುಟ್ಟ ಹೊಟ್ಟೆಯಲ್ಲಿ ಹಾಲಿನ ಜಾಗ ಹೋಗುತ್ತದೆ. ನೀರು ಬೇಕಾಗಿರುವುದು ಸೊಸೆಗೆ. ಬಾಣಂತಿ ನೀರು ಕುಡಿಯಬಾರದು ಎಂದು ನಿಮ್ಮ ಮನೆಯಲ್ಲಿ ಕಟ್ಟುಪಾಡಿದ್ದರೆ ಅದನ್ನು ಮಾತ್ರ ನೀವು ಮುಂದೆ ನಿಂತು ಮುರಿಯಿರಿ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ರೋಗಾಣುವಿನ ಬೀಜಕ ಎಳೆಗೂಸಿನ ಕರುಳಿನಲ್ಲಿ ಮೊಳೆತು ಮೈಯನ್ನೇ ಸೋಲಿಸಿಬಿಡುತ್ತದೆ, ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಗುಟ್ಟಿಯೂ ಬೇಡ. ಆರು ತಿಂಗಳು ತುಂಬಲಿ, ರಾಗಿ ಸರಿ ಮಾಡಿ ನಿಮ್ಮ ಕೈಯಾರೆ ಮೊದಲ ತುತ್ತು ತಿನ್ನಿಸುವಿರಂತೆ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ಹೆರಿಗೆಯಾಗಿ ಮನೆಗೆ ಹೊರಟಾಗ ಆಸ್ಪತ್ರೆಯಲ್ಲಿ ಒಂದು ಕಂಪನಿಯ ಹಾಲಿನ ಡಬ್ಬಿಯನ್ನು ಉಚಿತವಾಗಿ ಕೊಟ್ಟರು. ಇದು ಮಗುವಿನ ಬುದ್ಧಿ ಬೆಳವಣಿಗೆಗೆ ಒಳ್ಳೆಯದು ಎಂದರು. ಬಳಸಬಹುದೆ?

ಉತ್ತರ: ಕೊಟ್ಟವರು ಕಾನೂನು ಮುರಿದಿದ್ದಾರೆ. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನೂ, ತಾಯಂದಿರಿಗೆ ಉಚಿತ ಸ್ಯಾಂಪಲ್ ಹಂಚುವುದನ್ನೂ ನಿಷೇಧಿಸಿದೆ. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಎದೆಹಾಲೇ ಶ್ರೇಷ್ಠ ಎಂಬ ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಲೇಬೇಕು. ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ತಿರುಗಿಸಿ ನೋಡಿ, ಅದೂ ಇದ್ದೇ ಇರುತ್ತದೆ. ಬುದ್ಧಿಯ ಮಾತಿಗೆ ಮರುಳಾಗಬೇಡಿ. ಬುದ್ಧಿ ಬೆಳೆಸುತ್ತದೆ ಎಂದು ಕಂಪನಿಗಳು ಹೇಳಿಕೊಳ್ಳುವ ಡಿಎಚ್‌ಎ ಎಂಬ ಕೊಬ್ಬಿನಂಶ ಎದೆಹಾಲಿನಲ್ಲಿ ಮೊದಲಿಂದಲೂ ಇದೆ, ಅದನ್ನು ನೋಡಿಯೇ ಡಬ್ಬಿಗೆ ಸೇರಿಸಿದ್ದು. ನಿಮಗೆ ಹಾಲಿದ್ದರೆ ಡಬ್ಬಿಯ ಮುಚ್ಚಳ ತೆರೆಯಬೇಡಿ.

ಪ್ರಶ್ನೆ: ಹಾಲು ಹೆಚ್ಚಾಗಿ ಸೋರುತ್ತದೆ, ಚೆಲ್ಲಲು ಮನಸ್ಸಿಲ್ಲ. ಯಾರಿಗಾದರೂ ಕೊಡಬಹುದೆ? (ಬೆಂಗಳೂರು)

ಉತ್ತರ: ಕೊಡಬಹುದು, ಪಕ್ಕದ ಮನೆಯ ಮಗುವಿಗೆ ನೇರವಾಗಿ ಬೇಡ. ನಿಮ್ಮೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ಏಷ್ಯಾದಲ್ಲೇ ಮೊದಲನೆಯದು 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಶುರುವಾಯಿತು. ಇಂಥ ಬ್ಯಾಂಕುಗಳಲ್ಲಿ ದಾನಿಯ ರಕ್ತವನ್ನು ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಶೈತ್ಯೀಕರಿಸಿ, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಕೊಡುತ್ತಾರೆ. ಒಂದು ಕಿಲೋ ತೂಕದ ಮಗು ಮೊದಲ ದಿನಗಳಲ್ಲಿ ಒಂದು ಸಲಕ್ಕೆ ಕುಡಿಯುವುದು ಎರಡು ಮೂರು ಎಂಎಲ್ ಮಾತ್ರ. ನಿಮ್ಮ ಸೆರಗು ನೆನೆಸುವ ಹಾಲು ಅಂಥ ಒಂದು ಕೂಸಿಗೆ ಇಡೀ ದಿನಕ್ಕೆ ಸಾಕು.